ಹಳೇ ಅಂಗಿಗಳ ಚೌಕ ತೂತುಗಳು

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

‘ರೀ’ ಎಂದರೆ ತಿರುಗಿ ನೋಡುವವರಿಗೆ,

ಇಲ್ಲಿ ನಾನು ಚೆನ್ನಾಗಿದ್ದೇನೆ. ಅಲ್ಲಿ ನೀವು ಹೇಗಿದ್ದೀರೋ ನಿಮ್ಮ ಕಾಗದ ನೋಡಿ ಹೇಳುವುದು ಕಷ್ಟ. ಲಿಫ್ಟಿನೊಳಗೆ ಅಂಟಿಸುತ್ತೀರಲ್ಲ, ಇಷ್ಟೇ ಜನ ಹತ್ತಬೇಕು, ಬಾಗಿಲಿಗೆ ಒರಗಬಾರದು ಎಂಬ ಸೂಚನೆ, ಅದಕ್ಕೂ ನಿಮ್ಮ ಕಾಗದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಬರೆದಿರುವುದು ಎರಡೇ ವಿಷಯ. ಮನೆಯನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ ಎಂದು ಮಾಲೀಕರು ಕೇಳುತ್ತಿದ್ದಾರೆ, ತಿಂಗಳ ಕೊನೆಯೊಳಗೆ ನೀನೇ ಏನಾದರೂ ಹೇಳಿಬಿಡು ಎಂಬುದು ಒಂದು. ಮಂಚದ ಕೆಳಗೆ ನಿಮ್ಮ ಹಳೇ ಅಂಗಿಗಳ ಗಂಟಿದೆ, ಅದನ್ನು ಯಾರಿಗಾದರೂ ಕೊಟ್ಟುಬಿಡು, ಬಿಚ್ಚಿ ನೋಡುವ ಅಗತ್ಯವಿಲ್ಲ ಎಂಬುದು ಇನ್ನೊಂದು.

ಮನೆ ಬಿಡುವುದೆಂದರೆ ಏನೇನು ಬಿಟ್ಟಂತೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನೀವು ಆ ಊರಿನಲ್ಲೇ ಉಳಿಯುತ್ತೀರಿ, ನಾನು ನಮ್ಮಕ್ಕನ ಮನೆಯ ಹತ್ತಿರ ಒಂದು ಕೋಣೆ ಹುಡುಕಿಕೊಳ್ಳುತ್ತೇನೆ, ಆಮೇಲೆ ಯಾರಾದರೂ ಕೇಳಿದರೆ ಇಬ್ಬರೂ ಮಾತು ಬದಲಿಸುತ್ತೇವೆ. ಅದರ ಉತ್ತರವನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಅಂಗಿಯ ವಿಷಯ ಮುಗಿಸೋಣ.

ಬಿಚ್ಚಿ ನೋಡಬೇಡ ಎಂದಿರಲ್ಲ, ಅಲ್ಲೇ ನೀವು ಎಡವಿದ್ದು. ಹಾಗೆ ಬರೆಯದಿದ್ದರೆ ನಾನು ಆ ಗಂಟನ್ನು ಹಾಗೆಯೇ ಕಟ್ಟಡದ ಕಸ ಗುಡಿಸುವವಳ ಕೈಗೆ ಕೊಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ, ನೀವು ಯಾರೂ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿರಿ. ಅಲ್ಲದೆ ಕೌದಿ ಹೊಲಿಯುವವಳಿಗೆ ಹಳೇ ಹತ್ತಿ ಅಂಗಿ ಬಿಸಾಕು ಎನ್ನುವುದೂ ಒಂದೇ, ಬೆಕ್ಕಿಗೆ ಹಾಲು ಮುಟ್ಟಬೇಡ ಎನ್ನುವುದೂ ಒಂದೇ. ಒಗೆದು ಒಗೆದು ಮೆದುವಾದ ಬಟ್ಟೆ ಹೊಸದಾಗಿ ಎಲ್ಲಿ ಸಿಗುತ್ತದೆ? ನಿಮ್ಮ ನೆನಪಾಗಿ ತೆಗೆದೆ ಎಂದು ತಿಳಿಯಬೇಡಿ. ಬಟ್ಟೆಯ ಆಸೆಗೆ ತೆಗೆದೆ.

ಮೊದಲು ಕೈಗೆ ಬಂದದ್ದು ಬೂದುಬಣ್ಣದ ಗೀರಿನ ಅಂಗಿ. ಇಸ್ತ್ರಿ ಮಾಡಿ ಮೇಜಿನ ಮೇಲೆ ಹರಡಿದರೆ, ಬೆನ್ನಿನ ಕೆಳಭಾಗದಲ್ಲಿ, ಪ್ಯಾಂಟಿನೊಳಗೆ ಸೇರಿಹೋಗುವ ಜಾಗದಲ್ಲಿ, ಅಂಗೈ ಅಗಲದ ಒಂದು ತೂತು. ಹರಿದದ್ದಲ್ಲ. ನಾಲ್ಕು ಮೂಲೆಯ ಚೌಕ. ಇಲಿ ಇರಬಹುದು ಎಂದುಕೊಂಡೆ, ಆದರೆ ಅಳತೆಪಟ್ಟಿ ಇಟ್ಟು ಕಡಿಯುವ ಇಲಿ ನಮ್ಮ ಮನೆಯಲ್ಲಿ ಇಲ್ಲ. ಎರಡನೆಯದು ನೀಲಿ ಅಂಗಿ, ಅದರಲ್ಲೂ ಅದೇ ಜಾಗದಲ್ಲಿ ಅದೇ ಅಳತೆಯ ಚೌಕ. ಕಂದು ಚೌಕುಳಿಯದರಲ್ಲಿ ಅಕ್ಕಪಕ್ಕ ಎರಡು. ಗಂಟಿನಲ್ಲಿದ್ದ ಒಂದೇ ಒಂದು ಅಂಗಿಗೂ ಹಿಂಭಾಗ ಪೂರ್ತಿ ಇರಲಿಲ್ಲ. ಹೊರಗಿನಿಂದ ನೋಡಿದರೆ ಮರ್ಯಾದಸ್ಥ, ಒಳಗೆ ಪೂರ್ತಿ ಕಿಟಕಿ! ಈ ಅಂಗಿಗಳನ್ನು ತೊಟ್ಟು ನೀವು ದಿನಾ ಕೆಲಸಕ್ಕೆ ಹೋಗಿದ್ದೀರಿ, ನನ್ನ ಎದುರಿಗೆ ಕೂತು ಊಟ ಮಾಡಿದ್ದೀರಿ ಎಂದು ನೆನೆಸಿಕೊಂಡು ಒಬ್ಬಳೇ ನಕ್ಕೆ. ಎಣ್ಣೆಯ ಬಟ್ಟೆ ನಾನೇ ಒಗೆದುಕೊಳ್ಳುತ್ತೇನೆ ಎಂದು ನೀವು ಹಟ ಹಿಡಿಯುತ್ತಿದ್ದದ್ದು ಇದಕ್ಕೇ ಇರಬೇಕು.

ಆಮೇಲೆ ತಲೆಗೆ ಹುಳ ಹೊಕ್ಕಿತು. ಗ್ರೀಸ್ ಒರೆಸಲು ಕತ್ತರಿಸಿಕೊಂಡಿರಾ? ಒರೆಸುವ ಬಟ್ಟೆಗೆ ಅಷ್ಟು ಅಚ್ಚುಕಟ್ಟು ಯಾರಿಗೆ ಬೇಕು? ಮತ್ಯಾರೋ ನಿಮ್ಮ ಗುರುತಿಗೆಂದು ಕತ್ತರಿಸಿಕೊಂಡರಾ? ಹಾಗೂ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆದರೆ ಗುರುತಿಗೆಂದು ಅಂಗಿಯ ಆ ಭಾಗವನ್ನು ಇಟ್ಟುಕೊಳ್ಳುವ ಹೆಂಗಸು ಎಂಥವಳಿರಬಹುದು ಎಂದು ಎಷ್ಟು ಯೋಚಿಸಿದರೂ ಚಿತ್ರ ಮೂಡಲಿಲ್ಲ, ಬಿಟ್ಟೆ.

ಮಾರನೆಯ ದಿನ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ದೊಡ್ಡ ಭೂತಗನ್ನಡಿ ತಂದೆ. ನೀವು ಗೇಲಿ ಮಾಡುತ್ತಿದ್ದಿರಿ, ಊರಿನವರ ಕಣ್ಣೆಲ್ಲ ಸರಿ ಮಾಡುತ್ತೀ, ಮುಂದಿಟ್ಟ ಉಪ್ಪು ಕಾಣುವುದಿಲ್ಲ ಎಂದು. ಈ ಸಲ ಕಂಡಿತು ನೋಡಿ. ತೂತಿನ ಅಂಚು ಕತ್ತರಿಯಲ್ಲಿ ಸರಾಗವಾಗಿ ಕತ್ತರಿಸಿದಂತೆ ಇರಲಿಲ್ಲ, ಅಗಿದು ಉಗುಳಿದಂತೆ ಇತ್ತು. ನನ್ನ ಹಳೇ ದೊಡ್ಡ ಕತ್ತರಿ ಇನ್ನೂ ಕಪಾಟಿನ ಖಾನೆಯಲ್ಲೇ ಬಿದ್ದಿದೆ. ಅದನ್ನು ತೆಗೆದು ಒಂದು ಚಿಂದಿಯನ್ನು ಬಲಗೈಯಲ್ಲಿ ಕತ್ತರಿಸಿದೆ. ಮೊಂಡಾಗಿದ್ದರೂ ಅಂಚು ಅಷ್ಟು ಕೆಡಲಿಲ್ಲ. ಕತ್ತರಿಯನ್ನು ಎಡಗೈಗೆ ಬದಲಿಸಿದೆ. ಅಲಗುಗಳು ಒಂದನ್ನೊಂದು ದೂರ ತಳ್ಳಿ, ಬಟ್ಟೆ ನಡುವೆ ಮಡಚಿಕೊಂಡು, ಅದೇ ಅಗಿದ ಅಂಚು ಬಂತು. ಸ್ಪ್ಯಾನರ್ ಹಿಡಿಯುವುದೂ ಎಡಗೈ, ಚಮಚ ಹಿಡಿಯುವುದೂ ಎಡಗೈ, ಇಂಥವರು ಈ ಮನೆಯಲ್ಲಿ ಒಬ್ಬರೇ ಇದ್ದದ್ದು.

ಕಂದು ಅಂಗಿಯ ಜೇಬಿನಲ್ಲಿ ಇನ್ನೊಂದು ವಸ್ತು ಸಿಕ್ಕಿತು, ಒಂದು ರಟ್ಟಿನ ಚೌಕ. ಅದರ ಸುತ್ತ ಎಷ್ಟು ಸಲ ಗೆರೆ ಎಳೆದಿದ್ದಿರೋ, ಮೂಲೆಗಳು ಸವೆದು ದುಂಡಗಾಗಿವೆ, ಅಂಚಿನಲ್ಲೆಲ್ಲ ಸೋಪಿನ ಬಿಳಿ ಹತ್ತಿದೆ. ನಿಮ್ಮ ಕೆಲಸದ ಬೂಟಿನ ಡಬ್ಬಿಗೆ ಮುಚ್ಚಳ ಯಾಕಿಲ್ಲ ಎಂದು ಆಗ ಕೇಳಿದ್ದಕ್ಕೆ ತಂದಾಗಿನಿಂದಲೂ ಇರಲಿಲ್ಲ ಎಂದಿದ್ದಿರಿ. ಇತ್ತು, ರೀ. ಇಲ್ಲಿದೆ.

ನೀವು ಇಲ್ಲಿದ್ದಾಗಿನ ಸಣ್ಣಪುಟ್ಟ ಕಳ್ಳತನಗಳೆಲ್ಲ ಒಂದೊಂದಾಗಿ ನೆನಪಾದವು. ಗುರುತು ಹಾಕಲೆಂದು ನಾನು ಒಣಗಿಸಿಟ್ಟ ಸೋಪಿನ ಚೂರುಗಳು ಮಾಯವಾಗುತ್ತಿದ್ದದ್ದು. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಕೌದಿಯ ಅಂಚು ಹಿಡಿದುಕೊಳ್ಳಲು ಹೊಲಿಗೆ ಬುಟ್ಟಿಯಲ್ಲಿ ಇಟ್ಟರೆ ಕಡಿಮೆಯಾಗುತ್ತಿದ್ದದ್ದು. ಹಸಿರು ದಾರದ ಉಂಡೆ ನಾನು ಮುಟ್ಟದಿದ್ದರೂ ತೆಳ್ಳಗಾಗುತ್ತಿದ್ದದ್ದು. ಉಂಡೆಯಲ್ಲಿ ದಾರವನ್ನೇ ಕಡಿಮೆ ಸುತ್ತುತ್ತಾರೆ ಎಂದು ದಾರದಂಗಡಿಯವರ ಮೇಲೆ ಜಗಳಕ್ಕೆ ಹೋಗಿದ್ದೆ, ನೀವು ಪಕ್ಕದಲ್ಲೇ ನಿಂತು ಹೌದು ಹೌದು ಎಂದು ತಲೆಯಾಡಿಸಿದ್ದಿರಿ. ಎಂಥ ಮುಖ ನಿಮ್ಮದು! ಆದರೆ ಸೂಜಿ ಮಾತ್ರ ಎಂದೂ ಕಳೆದಿರಲಿಲ್ಲ. ಕೆಟ್ಟ ಯಾವುದೋ ಯಂತ್ರದಿಂದ ಬಿಚ್ಚಿ ನನಗೆಂದು ತಂದುಕೊಟ್ಟಿರಲ್ಲ, ಆ ಅಯಸ್ಕಾಂತದ ಮೇಲೆ ಎಲ್ಲ ಸೂಜಿಗಳೂ ಸರಿಯಾಗಿ ಕೂತಿರುತ್ತಿದ್ದವು. ನನ್ನ ಕಾಲಿಗೆ ಚುಚ್ಚೀತು ಎಂದು ಅಷ್ಟು ಜೋಪಾನ ಮಾಡಿದಿರೋ ಏನೋ.

ನಾನು ಕನ್ನಡಕದಂಗಡಿ ಮುಚ್ಚಿ ಬರುವ ಮೊದಲೇ ನಿಮ್ಮ ಪಾಳಿ ಮುಗಿದಿರುತ್ತಿತ್ತು. ಆ ಹೊತ್ತಿನಲ್ಲಿ ನೀವು ನನ್ನ ಕುರ್ಚಿಯಲ್ಲಿ ಕೂತು ಹೊಲಿಗೆ ಕಲಿಯುತ್ತಿದ್ದಿರಿ. ನಾನು ಬಾಗಿಲು ತೆಗೆದ ಸದ್ದಾದರೆ ಪೇಪರು ಹಿಡಿದುಕೊಳ್ಳುತ್ತಿದ್ದಿರಿ. ಪೇಪರು ಒಮ್ಮೆ ತಲೆಕೆಳಗಾಗಿದ್ದದ್ದು ಈಗ ಅರ್ಥವಾಯಿತು.

ಅಷ್ಟಾದ ಮೇಲೆ ಕತ್ತರಿಯ ಜಗಳ. ಬಟ್ಟೆಯ ಕತ್ತರಿಗೆ ಕಾಗದ ತೋರಿಸುವುದೇ ತಪ್ಪು, ನೀವು ರಟ್ಟನ್ನೇ ಕತ್ತರಿಸಿದಿರಿ, ಅದೂ ಎಡಗೈಯಲ್ಲಿ, ತಿರುಪು ಸಡಿಲವಾಗುವಷ್ಟು ಒತ್ತಿ. ಯಾರು ಮುಟ್ಟಿದ್ದು ಎಂದು ನಾನು ಕೇಳಿದೆ. ನಾನಂತೂ ಮುಟ್ಟಿಲ್ಲ ಎಂದಿರಿ. ಮನೆಯಲ್ಲಿ ಇರುವುದೇ ಇಬ್ಬರು! ಮಾತಿಗೆ ಮಾತು ಬೆಳೆದು, ಕತ್ತರಿಯಿಂದ ಹೊರಟದ್ದು ಎಲ್ಲೆಲ್ಲಿಗೋ ಹೋಗಿ, ವಾರ ಕಳೆಯುವುದರೊಳಗೆ ನೀವು ಬೇಡವೆಂದು ದೂಡುತ್ತಾ ಬಂದಿದ್ದ ಆ ಊರಿನ ಕೆಲಸಕ್ಕೆ ಒಪ್ಪಿಕೊಂಡಿರಿ. ಕತ್ತರಿಗಾಗಿ ಗಂಡ ಹೆಂಡತಿ ದೂರವಾದರು ಎಂದರೆ ಕೇಳಿದವರು ನಕ್ಕಾರು. ಕತ್ತರಿ ಒಂದೇ ಅಲ್ಲ ಎಂದು ನಮಗಿಬ್ಬರಿಗೂ ಗೊತ್ತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದಾದರೆ ನಮ್ಮ ಮನೆಯಲ್ಲಿ ಬಂಗಾರ ಇಡಲು ಜಾಗವಿರಲಿಲ್ಲ.

ಸರಿ, ಯಾರು, ಹೇಗೆ ಎಂಬುದು ತಿಳಿಯಿತು. ಏನು ಎಂಬುದು ತಿಳಿಯಲಿಲ್ಲ. ಅಷ್ಟೊಂದು ಚೌಕ ಕೂಡಿಸಿ ಈ ಮನುಷ್ಯ ಮಾಡಿದ್ದಾದರೂ ಏನು? ದಿಂಬಿನ ಚೀಲವೇ, ಹೊಲಿಗೆ ಯಂತ್ರದ ಹೊದಿಕೆಯೇ? ಕಣ್ಣು ಪರೀಕ್ಷೆಗೆ ಬಂದವರಿಗೆ ಎಡಗಣ್ಣು ಮುಚ್ಚಿ ಎನ್ನುವ ಬದಲು ಎಡಗೈ ಮುಚ್ಚಿ ಎಂದೆನಂತೆ. ಕೊನೆಗೆ ತಡೆಯಲಾರದೆ ನಿಮ್ಮ ತಂಗಿಗೆ ಫೋನು ಮಾಡಿದೆ. ಹೋದ ತಿಂಗಳು ನಿಮ್ಮ ಕೋಣೆಗೆ ಬಂದಿದ್ದಳಲ್ಲ, ನೋಡಿಯೇ ಇರುತ್ತಾಳೆ ಎಂದುಕೊಂಡೆ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡಿ, ನಾನೇ ಕೆದಕಿ ಕೆದಕಿ ಬಾಯಿ ಬಿಡಿಸಿದ್ದು.

ನಿಮ್ಮ ಕೋಣೆಯ ಗೂಡಿನಲ್ಲಿ, ಸ್ಪ್ಯಾನರುಗಳ ಡಬ್ಬಿಯ ಪಕ್ಕ, ತೇಪೆಯ ಬಟ್ಟೆಯೊಂದು ಮಡಿಸಿಟ್ಟಿದೆಯಂತೆ. ಬೂದು, ನೀಲಿ, ಕಂದು. ಒಂದು ಸಾಲು ಬಲಕ್ಕೆ ನಡೆದರೆ ಇನ್ನೊಂದು ಎಡಕ್ಕೆ ನಡೆದಿದೆ, ನಡುವೆ ಜಗಳವಾದಂತಿದೆ ಎಂದು ಅವಳು ನಕ್ಕಳು. ಒಂದು ಬದಿಯ ಅಂಚಿಗೆ ಪಟ್ಟಿ ಹೊಲಿದು, ಮೂಲೆಗೆ ಬಂದು ಸೂಜಿ ನಿಂತುಬಿಟ್ಟಿದೆಯಂತೆ, ದಾರ ಹಾಗೇ ನೇತಾಡುತ್ತಿದೆಯಂತೆ. ಹೊದೆಯೋಣವೆಂದರೆ ಗಿಡ್ಡ, ಹಾಸೋಣವೆಂದರೆ ಅಗಲವಿಲ್ಲ, ಇದೇನಣ್ಣ ಎಂದು ಕೇಳುತ್ತಾ ಅದನ್ನು ತೊಡೆಯ ಮೇಲೆ ಹಾಕಿಕೊಂಡಳಂತೆ. ಮೊಣಕಾಲು ದಾಟಿ ಪಾದದವರೆಗೆ ಬಂತಂತೆ. ನೀವು ಅವಳ ಮುಖ ನೋಡದೆ ಹೇಳಿದಿರಂತೆ, “ಹೊಲಿಯೋಕೆ ಕೂತ್ರೆ ಅವಳಿಗೆ ಮೊಣಕಾಲು ಚಳಿ ಹಿಡಿಯತ್ತೆ.” ಅಷ್ಟು ಹೇಳಿ, ಯಾವ ಲಿಫ್ಟೂ ಕೆಟ್ಟಿರದ ದಿನ, ಲಿಫ್ಟ್ ನೋಡಿ ಬರುತ್ತೇನೆ ಎಂದು ಹೊರಟುಹೋದಿರಂತೆ.

ಫೋನು ಇಟ್ಟ ಮೇಲೆ ನಾನು ಅತ್ತೆ. ಬೂದುಬಣ್ಣದ ಅಂಗಿಯಿಂದಲೇ ಕಣ್ಣೊರೆಸಿಕೊಂಡೆ. ಇಷ್ಟು ಸಲ ಒಗೆದರೂ ಅದರಲ್ಲಿ ನಿಮ್ಮ ಯಂತ್ರದ ಎಣ್ಣೆಯ ವಾಸನೆ ಹೋಗಿಲ್ಲ. ಬಟ್ಟೆಯ ಆಸೆಗೆ ಗಂಟು ಬಿಚ್ಚಿದೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿ ಓದಿಕೊಳ್ಳಿ.

ಈಗ ಆ ಮೂಲೆ. ಎಲ್ಲರೂ ಅಲ್ಲೇ ನಿಲ್ಲುವುದು, ನಾನೂ ನನ್ನ ಮೊದಲ ಕೌದಿಯನ್ನು ಅಲ್ಲೇ ಬಿಟ್ಟು ತಿಂಗಳುಗಟ್ಟಲೆ ಅದರ ಮುಖ ನೋಡಿರಲಿಲ್ಲ. ಹೀಗೆ ಮಾಡಿ. ತುದಿಯವರೆಗೆ ಹೊಲಿಯಬಾರದು. ಕಾಲು ಅಂಗುಲ ಇರುವಾಗಲೇ ನಿಲ್ಲಿಸಿ ಗಂಟು ಹಾಕಿ. ಪಟ್ಟಿಯನ್ನು ಹಿಂದಕ್ಕೆ, ಮೇಲ್ಮುಖವಾಗಿ ಮಡಿಸಿ, ಓರೆಯಾಗಿ ಒಂದು ಮಡಿಕೆ ಬೀಳುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಹಿಡಿದು, ಪಟ್ಟಿಯನ್ನು ಮತ್ತೆ ಕೆಳಕ್ಕೆ ತಂದು ಮುಂದಿನ ಬದಿಗೆ ಹೊಂದಿಸಿ, ಕ್ಲಿಪ್ಪು ಹಾಕಿ, ಮೇಲಿನಿಂದ ಹೊಸದಾಗಿ ಹೊಲಿಗೆ ಶುರು ಮಾಡಿ. ಬರೆದದ್ದನ್ನು ಈಗ ಓದಿ ನೋಡಿದೆ, ನನಗೇ ಅರ್ಥವಾಗಲಿಲ್ಲ. ಇದು ಬರೆದು ತಿಳಿಸುವ ಕೆಲಸವಲ್ಲ, ಪಕ್ಕದಲ್ಲಿ ಕೂತು ಬೆರಳು ಹಿಡಿದು ತೋರಿಸಬೇಕು.

ಇನ್ನು ಮನೆಯ ಮಾತು. ನಿನ್ನೆ ಮಾಲೀಕರ ಹತ್ತಿರ ಹೋಗಿದ್ದೆ. ಮುಂದಿನ ವರ್ಷದ ಕರಾರಿನಲ್ಲಿ ನನ್ನ ಸಹಿ ಹಾಕಿ ಬಂದಿದ್ದೇನೆ. ಪಕ್ಕದಲ್ಲಿ ನಿಮ್ಮ ಜಾಗ ಖಾಲಿ ಇದೆ, ತಿಂಗಳು ಮುಗಿಯುವವರೆಗೆ ಕಾಯುತ್ತೇನೆ ಎಂದರು. ನೀವು ಬರುವುದಾದರೆ ನನಗೆ ಈ ಮನೆ ಬೇಕು, ಬಾರದಿದ್ದರೆ ಬೇಡ. ನೀನೇ ಹೇಳಿಬಿಡು ಎಂದಿರಿ, ನಾನು ಹೇಳುವುದು ಇಷ್ಟು. ಒಂದು ಮಾತು, ನೀವು ಹೋದ ಮೇಲೆ ನಮ್ಮ ಕಟ್ಟಡದ ಲಿಫ್ಟು ಎದ್ದೇ ಇಲ್ಲ. ಲಿಫ್ಟ್ ರಿಪೇರಿಯವರ ಮನೆಗೆ ಮೆಟ್ಟಿಲೇ ಗತಿ ಎಂದು ಕೆಳಗಿನ ಮನೆಯವರು ಆಡಿಕೊಳ್ಳುತ್ತಾರೆ. ಬರುವಾಗ ಸಾಮಾನಿನ ಡಬ್ಬಿ ತನ್ನಿ. ಅದರ ಪಕ್ಕದಲ್ಲಿರುವುದನ್ನೂ ತನ್ನಿ. ಮೊಣಕಾಲು ನಿಜವಾಗಿ ನೋಯುತ್ತಿದೆ, ಮೆಟ್ಟಿಲಿನಿಂದ ಇನ್ನೂ ಹೆಚ್ಚಾಗಿದೆ. ಚೆನ್ನಾಗಿದ್ದೇನೆ ಎಂದು ಮೊದಲಿಗೆ ಬರೆದದ್ದು ಸುಮ್ಮನೆ.

ಇಂತಿ,
ನೀವು ‘ಇವಳೇ’ ಎಂದರೆ ಓಗೊಡುವವಳು

ಬರೆಯಲು ಮರೆತೆ: ಇವತ್ತು ಬೆಳಿಗ್ಗೆ ಹೊಸ ಕತ್ತರಿ ತಂದೆ. ಮನೆಗೆ ಬಂದು ಹಿಡಿದು ನೋಡಿದರೆ ನನ್ನ ಕೈಗೆ ಕೂರುವುದೇ ಇಲ್ಲ, ಬಟ್ಟೆಯನ್ನು ಅಗಿಯುತ್ತದೆ. ಕೂರುವುದಾದರೂ ಹೇಗೆ, ಅಂಗಡಿಯವರಿಗೆ ಹೇಳಿ ಎಡಗೈಯವರದ್ದನ್ನೇ ತರಿಸಿದ್ದು. ಬುಟ್ಟಿಯಲ್ಲಿ ಅಯಸ್ಕಾಂತದ ಪಕ್ಕ ಇಟ್ಟಿದ್ದೇನೆ. ಇದರಲ್ಲೂ ರಟ್ಟು ಕತ್ತರಿಸಿದರೆ ಮಾತ್ರ ನೋಡಿ.