ಖುಲಾಸೆಗೆ ಕಾಲಂ ಇಲ್ಲದ ಜಾಲತಾಣ

ಅಪರಾಧ ದಾಖಲೆ ಮತ್ತು ಸಂಶೋಧನಾ ವಿಭಾಗದ ನಿರ್ದೇಶಕರೇ,

ಮೇಲಿನ ನ್ಯಾಯಾಲಯ ನಿರ್ದೋಷಿಯೆಂದು ಬಿಟ್ಟು ಕಳಿಸಿದ ಮನುಷ್ಯನನ್ನು ನಿಮ್ಮ ಜಾಲತಾಣ ವರ್ಷಾನುಗಟ್ಟಲೆ ಅಪರಾಧಿಯೆಂದೇ ಸಾರುತ್ತಿತ್ತು. ಅದನ್ನು ತೋರಿಸಿಕೊಟ್ಟಾಗ ನೀವು ತಿದ್ದಲಿಲ್ಲ, ಜಾಲತಾಣವನ್ನೇ ಮುಚ್ಚಿದಿರಿ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಗಾದೆ ಕೇಳಿದ್ದೆ. ಕೊಯ್ದ ಜಾಗಕ್ಕೆ ‘ನಿರ್ವಹಣೆಯಲ್ಲಿದೆ’ ಎಂದು ಬೋರ್ಡು ತೂಗುಹಾಕುವವರನ್ನು ಈಗಲೇ ಕಂಡದ್ದು. ನಿಮ್ಮ ಕಚೇರಿಗೆ ಬರೆದ ಖಾಸಗಿ ಪತ್ರಗಳು ಯಾವ ಕಪಾಟಿನಲ್ಲಿ ನಿದ್ದೆ ಮಾಡುತ್ತಿವೆಯೋ ತಿಳಿಯದು. ಅದಕ್ಕೇ ಇದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಕಾಲೇಜೊಂದರಲ್ಲಿ ಅಪರಾಧಶಾಸ್ತ್ರ ಕಲಿಸುವವಳು. ಈ ವಿಷಯದಲ್ಲಿ ಸಂಶೋಧನೆ ಮಾಡಲು ಕೂತ ವಿದ್ಯಾರ್ಥಿಗೆ ಅಂತರ್ಜಾಲದಲ್ಲಿ ಸಿಗುವುದೇನೆಂದು ನಿಮಗೆ ಗೊತ್ತೇ? ಸೈರನ್ ಸದ್ದಿನೊಂದಿಗೆ ಶುರುವಾಗುವ ವಿಡಿಯೊಗಳು, ಹೆಸರಿಲ್ಲದ ‘ತಜ್ಞರು’, ಯಾವ ವರ್ಷದ್ದೆಂದು ಹೇಳದ ಅಂಕಿಗಳು, ಒಬ್ಬರದ್ದನ್ನು ಇನ್ನೊಬ್ಬರು ಕದ್ದು ಹಾಕಿಕೊಂಡ ಲೇಖನಗಳು. ಕಳ್ಳತನದ ಬಗ್ಗೆ ಬರೆದದ್ದನ್ನೂ ಕದಿಯುವ ಕಾಲವಿದು. ಇಂಥ ಸಂತೆಯಲ್ಲಿ ಯಾವುದನ್ನು ನಂಬಬೇಕೆಂದು ಮಕ್ಕಳು ಕೇಳಿದಾಗ ನಾನು ಹೇಳಿಕೊಡುತ್ತಿದ್ದುದಿಷ್ಟು: ಬರೆದವರು ಯಾರು ನೋಡಿ, ಯಾವಾಗ ಬರೆದರು ನೋಡಿ, ಅವರಿಗೆ ಹೇಗೆ ಗೊತ್ತಾಯಿತು ನೋಡಿ, ತಪ್ಪಾದರೆ ತಿದ್ದುವವರು ಇದ್ದಾರೆಯೇ ನೋಡಿ. ನಿಮ್ಮ ಜಾಲತಾಣಕ್ಕೆ ಮೊಹರಿತ್ತು, ವಿಳಾಸವಿತ್ತು, ಮೇಲ್ಗಡೆ ನಿಮ್ಮ ನಗುಮುಖದ ಫೋಟೊ ಕೂಡ ಇತ್ತು. ಪರೀಕ್ಷೆಯಲ್ಲಿ ಪಾಸಾಗಲು ಇನ್ನೇನು ಬೇಕು?

ನನ್ನ ತರಗತಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಜೈಲಿನ ಆಸ್ಪತ್ರೆಯಲ್ಲಿ ಬಹಳ ಕಾಲ ದುಡಿದು, ಆಮೇಲೆ ಓದಲು ಬಂದವಳು. ಎಲ್ಲರೂ ಅವಳನ್ನು ನರ್ಸಮ್ಮ ಎನ್ನುತ್ತಾರೆ. ಶಿಕ್ಷೆ ಮುಗಿಸಿ ಹೊರಬಂದವರು ಮತ್ತೆ ಕಸುಬಿಗೆ ಮರಳುವುದು ಹೇಗೆ ಎಂಬುದು ಅವಳ ವಿಷಯ. ನಿಮ್ಮ ‘ಶಿಕ್ಷಿತ ಅಪರಾಧಿಗಳು’ ಎಂಬ ಪುಟದಿಂದ ಅವಳು ಕೆಲವರನ್ನು ಆರಿಸಿಕೊಂಡಳು. ಅವರಲ್ಲಿ ಒಬ್ಬರು ದರ್ಜಿ. ಪಕ್ಕದ ಬಟ್ಟೆ ಅಂಗಡಿಗೆ ಬೆಂಕಿ ಇಟ್ಟರೆಂಬ ಆರೋಪ, ಮೂರು ವರ್ಷದ ಶಿಕ್ಷೆ. ಹೆಸರು, ತಂದೆಯ ಹೆಸರು, ಮನೆ ವಿಳಾಸ, ಎದುರಿನಿಂದೊಂದು ಪಕ್ಕದಿಂದೊಂದು ಫೋಟೊ. ಮದುವೆ ಆಹ್ವಾನ ಪತ್ರಿಕೆಯಲ್ಲೂ ಇಷ್ಟು ವಿವರ ಇರುವುದಿಲ್ಲ.

ನರ್ಸಮ್ಮ ಆ ವಿಳಾಸಕ್ಕೆ ಹೋದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತ ಕೂತಿದ್ದವಳು ದರ್ಜಿಯ ಸೊಸೆ, ಮದುವೆಯಾಗಿ ಆ ಮನೆಗೆ ಬಂದು ಇನ್ನೂ ವರ್ಷ ತುಂಬದವಳು.

“ಮಾವ ಇಲ್ಲ, ದಾರ ತರೋಕೆ ಹೋಗಿದಾರೆ. ಏನಾಗ್ಬೇಕಿತ್ತು ಅಕ್ಕಾ?”

“ಕಾಲೇಜಿಂದ ಬಂದಿದೀನಮ್ಮ. ಓದಿನ ವಿಷಯ, ಅವರ ಹತ್ರಾನೇ ಮಾತಾಡ್ಬೇಕು. ಆಮೇಲೆ ಬರ್ತೀನಿ,” ಎಂದು ನರ್ಸಮ್ಮ ತಿರುಗಿದಳು. ಆದರೆ ಕೈಯಲ್ಲಿದ್ದ ನಿಮ್ಮ ಪುಟದ ಪ್ರಿಂಟು ಮಡಿಸದೆ ಹಾಗೇ ಇತ್ತು.

“ಇದು ಮಾವನ ಫೋಟೊ ಅಲ್ವಾ?” ಎಂದು ಸೊಸೆ ಖುಷಿಯಿಂದಲೇ ಎದ್ದು ಬಂದಳು. ಮಾವನಿಗೆ ಎಲ್ಲೋ ಬಹುಮಾನ ಬಂದಿದೆ ಅಂದುಕೊಂಡಳಂತೆ. ಆಮೇಲೆ ತಲೆಬರಹ ಓದಿದಳು.

ಆ ಹೊತ್ತಿಗೆ ದರ್ಜಿ ಬಂದರು. ಕಾಗದ ನೋಡಿದರು, ಸೊಸೆಯ ಮುಖ ನೋಡಿದರು. ಕೂಗಾಡಲಿಲ್ಲ. “ನಾನು ಖುಲಾಸೆ ಆದವನು ತಾಯಿ,” ಎಂದರು. “ಮೇಲಿನ ಕೋರ್ಟಲ್ಲಿ ಆಯ್ತು. ಬೆಂಕಿ ಹತ್ತಿದ್ದು ಅವರದೇ ಮೀಟರ್ ಬೋರ್ಡಿಂದ ಅಂತ ಜಡ್ಜೇ ಬರೆದ್ರು. ನಿಂಗೆ ಮೊದಲೇ ಹೇಳೋಣ ಅಂತಿದ್ದೆ. ನಿನ್ನ ಗಂಡನೇ, ಸತ್ತ ಹಾವನ್ನ ಯಾಕಪ್ಪ ಮತ್ತೆ ಹೊಡೀಬೇಕು ಅಂದ.”

ಸತ್ತ ಹಾವು! ಅದಕ್ಕೆ ಸರ್ಕಾರದ ಖರ್ಚಿನಲ್ಲಿ ಹಾಲೆರೆದು ಸಾಕುತ್ತಿದ್ದವರು ನೀವು ಎಂಬುದು ಆ ಬಡಪಾಯಿಗಳಿಗೆ ಹೇಗೆ ಗೊತ್ತಾಗಬೇಕು?

ಸಂಜೆಗೆ ಸೊಸೆ ತವರಿಗೆ ಹೋದಳು. ಮರುದಿನ ಅವಳ ಅಣ್ಣಂದಿರು ಬಂದರು. ದರ್ಜಿ ತೀರ್ಪಿನ ಪ್ರತಿಯನ್ನು ಅವರ ಮುಂದಿಟ್ಟರು. ದೊಡ್ಡಣ್ಣ ಅದನ್ನು ಮುಟ್ಟಲೂ ಇಲ್ಲ. ಮೊಬೈಲು ಮುಂದೆ ಹಿಡಿದು, “ನಿಮ್ಮ ಕಾಗದಾನ ಯಾರು ಬೇಕಾದ್ರೂ ಟೈಪ್ ಮಾಡಿಸ್ತಾರೆ. ಇದು ಸರ್ಕಾರದ್ದು. ಸರ್ಕಾರ ಸುಳ್ಳು ಹೇಳುತ್ತಾ?” ಎಂದ.

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು, ಮಾನ್ಯರೇ. ಆ ದಿನ ಆ ಕೋಣೆಯಲ್ಲಿ ತಲೆತಗ್ಗಿಸಿ ನಿಂತವರು ದರ್ಜಿ.

ನರ್ಸಮ್ಮ ನನ್ನ ಬಳಿ ಬಂದು ಅತ್ತಳು. “ನಾನು ಆ ಪುಟಾನ ಯಾಕೆ ನಂಬಿದೆ ಮೇಡಂ?” ಎಂದಳು. ನಾನೂ ಅವಳೂ ನಿಮ್ಮ ಕಚೇರಿಗೆ ಬಂದೆವು. ನೀವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಕಂಪ್ಯೂಟರ್ ವಿಭಾಗದ ಗುಮಾಸ್ತರು ತೀರ್ಪನ್ನು ತಿರುವಿ ನೋಡಿ, “ಶಿಕ್ಷೆ ಆಗಿದ್ದು ನಿಜ ತಾನೇ?” ಎಂದರು.

“ನಿಜ. ಆಮೇಲೆ ಅದನ್ನ ರದ್ದು ಮಾಡಿದಾರಲ್ಲ ಸ್ವಾಮಿ.”

“ಅದೇ ತೊಂದರೆ ಮೇಡಂ. ಶಿಕ್ಷೆ ತುಂಬೋಕೆ ಕಾಲಂ ಇದೆ. ಖುಲಾಸೆಗೆ ಕಾಲಂ ಕೊಟ್ಟಿಲ್ಲ. ಎಲ್ಲಿ ಹಾಕ್ಲಿ?”

“ಹಾಗಾದ್ರೆ ಹೆಸರೇ ತೆಗೆದುಬಿಡಿ.”

“ತೆಗೆಯೋ ಅಧಿಕಾರ ನಮಗಿಲ್ಲ. ಸೇರಿಸೋದಷ್ಟೇ.”

ಅವರ ಮೇಲೆ ನನಗೆ ಸಿಟ್ಟಿಲ್ಲ. ಒಳಗೆ ಹೋಗಲು ಬಾಗಿಲಿಟ್ಟು ಹೊರಬರಲು ಕಿಟಕಿಯನ್ನೂ ಇಡದ ಈ ಮನೆಯ ನಕ್ಷೆಗೆ ಸಹಿ ಹಾಕಿದವರು ಯಾರು? ಜೈಲಿಗಾದರೂ ಹೊರಕ್ಕೆ ತೆರೆಯುವ ಗೇಟು ಇರುತ್ತದೆ.

ನರ್ಸಮ್ಮ ಸುಮ್ಮನೆ ಕೂರಲಿಲ್ಲ. ತನ್ನ ಸಂಶೋಧನೆಯ ದಿಕ್ಕನ್ನೇ ಬದಲಿಸಿ, ನಿಮ್ಮ ಪುಟದ ಒಂದೊಂದು ಹೆಸರನ್ನೂ ಮೇಲಿನ ನ್ಯಾಯಾಲಯದ ತೀರ್ಪುಗಳ ಜೊತೆ ತಾಳೆ ನೋಡಿದಳು. ನಿಮ್ಮ ಪಟ್ಟಿಯ ಪ್ರತಿ ಮೂವರಲ್ಲಿ ಒಬ್ಬರು ಮೇಲ್ಮನವಿಯಲ್ಲಿ ಖುಲಾಸೆಯಾದವರು. ಕೆಲವರು ಖುಲಾಸೆಯಾದ ಮೇಲೆ ತೀರಿಯೂ ಹೋಗಿದ್ದಾರೆ. ಸತ್ತ ಮೇಲೂ ಬಿಡುಗಡೆಯಿಲ್ಲದ ಶಿಕ್ಷೆ ಯಾವ ಕಾನೂನಿನಲ್ಲಿದೆ, ದಯವಿಟ್ಟು ಕಲಂ ತಿಳಿಸಿ. ಪಾಠ ಮಾಡಲು ನನಗೆ ಬೇಕು.

ಈ ಲೆಕ್ಕವನ್ನು ನಿಮಗೆ ಕಳಿಸಿದ ವಾರವೇ ಜಾಲತಾಣ ಮುಚ್ಚಿತು. ನೀವು ಕೈತೊಳೆದುಕೊಂಡಿರಿ. ಆದರೆ ಅಷ್ಟರಲ್ಲಿ ಹತ್ತಾರು ಸುದ್ದಿತಾಣಗಳು ನಿಮ್ಮ ಪಟ್ಟಿಯನ್ನು ನಕಲು ಮಾಡಿಕೊಂಡಾಗಿತ್ತು. ಇಂದಿಗೂ ದರ್ಜಿಯ ಹೆಸರು ಹುಡುಕಿದರೆ ಅದೇ ಫೋಟೊ ಬರುತ್ತದೆ, ಅಡಿಯಲ್ಲಿ ‘ಮೂಲ: ಸರ್ಕಾರಿ ದಾಖಲೆ’ ಎಂದು. ತಿದ್ದಿಸೋಣವೆಂದರೆ ಅವರು ಮೂಲವನ್ನು ಕೇಳುತ್ತಾರೆ, ಮೂಲಕ್ಕೆ ನೀವು ಬೀಗ ಹಾಕಿದ್ದೀರಿ. ಇನ್ನೊಂದು ತಮಾಷೆ ಕೇಳಿ: ನರ್ಸಮ್ಮನ ಪ್ರಬಂಧವನ್ನು ಪರೀಕ್ಷಕರು ವಾಪಸು ಕಳಿಸಿದ್ದಾರೆ. ಕಾರಣ, ಅವಳು ಉಲ್ಲೇಖಿಸಿದ ಲಿಂಕುಗಳು ತೆರೆಯುವುದಿಲ್ಲವಂತೆ! ಸುಳ್ಳು ಹೇಳಿದ ನಿಮಗೆ ಒಂದು ಮೆಮೊ ಕೂಡ ಇಲ್ಲ. ಸುಳ್ಳನ್ನು ಹಿಡಿದವಳು ಫೇಲು.

ಈ ನಡುವೆ ಒಂದು ದಿನ ಸೊಸೆಯೇ ನರ್ಸಮ್ಮನಿಗೆ ಫೋನು ಮಾಡಿದಳು. “ಅಕ್ಕಾ, ಅಣ್ಣ ಒಂದು ಹೇಳ್ತಾನೆ, ಮಾವ ಒಂದು ಹೇಳ್ತಾರೆ. ಯಾವುದು ನಿಜ ಅಂತ ನಾನೇ ನೋಡ್ಬೇಕು. ಹೇಗೆ ನೋಡೋದು, ಹೇಳಿಕೊಡ್ತೀರಾ?” ನರ್ಸಮ್ಮ ನ್ಯಾಯಾಲಯದ ತಾಣ ತೆರೆಯುವುದನ್ನು, ಪ್ರಕರಣದ ಸಂಖ್ಯೆ ಹಾಕುವುದನ್ನು, ಸಹಿ ಮತ್ತು ದಿನಾಂಕ ನೋಡುವುದನ್ನು ಹೇಳಿಕೊಟ್ಟಳು. ಆ ಹುಡುಗಿ ತೀರ್ಪನ್ನು ಪೂರ್ತಿ ಓದಿದಳು. ಓದಿ ಮುಗಿಸಿ, ಅಣ್ಣಂದಿರನ್ನು ಕೇಳದೆ, ಬಟ್ಟೆಯ ಚೀಲ ಹಿಡಿದು ಗಂಡನ ಮನೆಗೆ ಬಂದಳು. ಬಾಗಿಲಲ್ಲಿ ಮಾವನಿಗೆ ಅವಳು ಹೇಳಿದ್ದು, “ನೀವೇ ಹೇಳಿದ್ರೆ ನಂಬ್ತಿದ್ನಲ್ಲ ಮಾವ,” ಎಂದಷ್ಟೇ.

ಸುಖಾಂತ್ಯವೆಂದು ಉಸಿರು ಬಿಡಬೇಡಿ. ಬೀದಿಗೆ ಮುಖಮಾಡಿದ್ದ ಹೊಲಿಗೆ ಯಂತ್ರವನ್ನು ದರ್ಜಿ ಒಳಗೆ, ಪರದೆಯ ಹಿಂದಕ್ಕೆ ಎಳೆದುಕೊಂಡಿದ್ದಾರೆ. ಅಳತೆ ತೆಗೆಯುವುದು ಈಗ ಮಗನ ಕೆಲಸ. ಹೋದ ವಾರ ನಾನು ನೋಡಲು ಹೋಗಿದ್ದಾಗ, ಜಾಲತಾಣ ಮತ್ತೆ ತೆರೆದರೆ ತಿದ್ದಿಸೋಣ ಎಂದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದರು: “ತಿದ್ದಿದ್ರೂ ನೋಡೋರು ಯಾರು ಮೇಡಂ? ಬೈಯೋದು ಬೀದಿಗೆಲ್ಲ ಕೇಳುತ್ತೆ. ತಪ್ಪಾಯ್ತು ಅನ್ನೋದು ಅನ್ನೋನ ಬಾಯಿಂದಾನೇ ಹೊರಗೆ ಬರಲ್ಲ.”

ಆದ್ದರಿಂದ ನಮ್ಮ ಬೇಡಿಕೆ ಬರೀ ‘ತಿದ್ದಿ’ ಎಂದಲ್ಲ. ಜಾಲತಾಣ ತೆರೆಯಿರಿ. ಪ್ರತಿ ಹೆಸರಿನ ಮುಂದೆ ಕೊನೆಯ ತೀರ್ಪು ಹಾಕಿ, ತೀರ್ಪನ್ನೂ ಓದಲು ಕೊಡಿ. ಖುಲಾಸೆಯಾದವರ ಫೋಟೊ, ವಿಳಾಸ ಕಿತ್ತುಹಾಕಿ. ನಕಲು ಮಾಡಿದ ತಾಣಗಳಿಗೆಲ್ಲ ನಿಮ್ಮ ಸಹಿಯಲ್ಲೇ ಬರೆಯಿರಿ. ಆಮೇಲೆ, ಮುಖಪುಟದಲ್ಲಿ ನಿಮ್ಮ ಆ ನಗುಮುಖ ಇತ್ತಲ್ಲ, ಅದನ್ನು ತೆಗೆದು ಅಷ್ಟೇ ಜಾಗದಲ್ಲಿ, ಯಾವ ಇಲಾಖಾ ಭಾಷೆಯೂ ಇಲ್ಲದೆ ‘ನಮ್ಮಿಂದ ತಪ್ಪಾಯಿತು’ ಎಂದು ಬರೆಯಿರಿ. ಆ ಸಾಲು ಎಷ್ಟು ವರ್ಷ ಅಲ್ಲಿರಬೇಕೆಂದು ನನ್ನನ್ನು ಕೇಳಬೇಡಿ. ಪರದೆಯ ಹಿಂದೆ ಕೂತವರನ್ನು ಕೇಳಿ.

ಇಂತಿ,
ನಿಮ್ಮನ್ನು ನಂಬಲರ್ಹ ಮೂಲವೆಂದು ವರ್ಷವರ್ಷವೂ ಪಾಠ ಮಾಡಿ, ಈಗ ನಿಮ್ಮನ್ನೇ ಪಾಠವಾಗಿಸಿಕೊಂಡಿರುವ
ಒಬ್ಬ ಅಧ್ಯಾಪಕಿ