ಅಭಿಪ್ರಾಯಕ್ಕೆ ನಾಲ್ಕು ಅಂಕ

ಮಾನ್ಯ ಮೌಲ್ಯಮಾಪನ ಅಧಿಕಾರಿಗಳೇ,

ಮಕ್ಕಳ ಅಭಿಪ್ರಾಯ ಏನಾಗಿರಬೇಕು ಎಂಬುದನ್ನು ನೀವು ಮೊದಲೇ ಅಚ್ಚು ಹಾಕಿಸಿ ನಮಗೆ ಕಳಿಸುತ್ತೀರಿ. ಅದನ್ನು ನಂಬಿ ನಾನೊಂದು ತಪ್ಪು ಮಾಡಿದೆ. ಅದರಲ್ಲಿ ನಿಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದು ನಾಲ್ಕು ಜನರ ಮುಂದೆಯೇ ಇತ್ಯರ್ಥವಾಗಲಿ.

ಒಂಬತ್ತನೇ ತರಗತಿಗೆ ‘ನಮ್ಮ ನಡುವಿನ ಬದುಕು’ ಎಂಬ ಘಟಕವನ್ನು ನೀವು ಸೇರಿಸಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಇಪ್ಪತ್ತೆರಡು ವರ್ಷ ರಾಜರ ಶೌರ್ಯ, ಮುಂಜಾವಿನ ಸೊಬಗು ಪಾಠ ಮಾಡಿ ನಾಲಿಗೆ ಸವೆದಿತ್ತು. ಇಲ್ಲಿ ಕುಡಿದು ಬಂದು ಹೆಂಡತಿಯ ಮೇಲೆ ಕೈಮಾಡುವ ಅಪ್ಪನಿದ್ದ, ಗೆಳತಿಯರು ದೂರವಿಟ್ಟ ಹುಡುಗಿಯಿದ್ದಳು, ಮನೆಯವರ ಗುರುತೇ ಮರೆತ ಅಜ್ಜನಿದ್ದ. ಆ ಅಪ್ಪನ ಕಥೆಯನ್ನು ಗಟ್ಟಿಯಾಗಿ ಓದಿದ ದಿನ, ಸದಾ ಗಿಜಿಗುಡುವ ಹಿಂದಿನ ಬೆಂಚೂ ತುಟಿಪಿಟಕ್ಕೆನ್ನಲಿಲ್ಲ. ಹದಿನಾಲ್ಕರ ಮಕ್ಕಳು ಅಷ್ಟು ಸುಮ್ಮನಿದ್ದರೆ ಕಾರಣವಿರುತ್ತದೆ. ಗಂಟೆ ಹೊಡೆಯಿತು, ನಾನು ಹಾಜರಿ ಪುಸ್ತಕ ಎತ್ತಿಕೊಂಡು ಹೊರಟುಬಿಟ್ಟೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆ ಅಪ್ಪನ ಮಗಳ ಬಗ್ಗೆಯೇ ಪ್ರಶ್ನೆ ಬಂತು: ‘ಕಥೆಯ ಹುಡುಗಿ ಮನೆಯ ವಿಷಯವನ್ನು ಶಾಲೆಯಲ್ಲಿ ಏಕೆ ಹೇಳಲಿಲ್ಲ? ನಿಮ್ಮ ಅಭಿಪ್ರಾಯ ಬರೆಯಿರಿ.’ ನಾಲ್ಕು ಅಂಕ. ಹಿಂದೆಯೇ ನಿಮ್ಮ ಮಾದರಿ ಉತ್ತರವೂ ಬಂತು: ಭಯ, ಸಂಕೋಚ, ಮನೆಯ ಮರ್ಯಾದೆ, ತಿಳಿವಳಿಕೆಯ ಕೊರತೆ. ಅಂಶಕ್ಕೊಂದು ಅಂಕ. ‘ಪಠ್ಯದಲ್ಲಿಲ್ಲದ ವಿವರಗಳಿಗೆ ಅಂಕವಿಲ್ಲ’ ಎಂಬ ಅಡಿಟಿಪ್ಪಣಿ ಬೇರೆ. ಎಂಥ ಅನುಕೂಲ! ಮಗುವಿನ ಅಭಿಪ್ರಾಯ ಮಗುವಿಗಿಂತ ಮೊದಲೇ ನಿಮ್ಮ ಕಚೇರಿಗೆ ಗೊತ್ತಿತ್ತು. ಅಂದಮೇಲೆ ಮಗುವನ್ನು ಕೇಳುವ ಕಷ್ಟವಾದರೂ ಏಕೆ?

ನನ್ನ ತರಗತಿಯಲ್ಲಿ ಒಬ್ಬಳಿದ್ದಳು. ಹಾಜರಿ ಕೂಗಿದರೆ ಪಕ್ಕದವಳಿಗೂ ಕೇಳದಷ್ಟು ಮೆಲ್ಲಗೆ ಓಗೊಡುತ್ತಿದ್ದಳು. ಹುಡುಗಿಯರು ಅವಳನ್ನು ‘ಪಿಸುಮಾತು’ ಎಂದೇ ಕರೆಯುತ್ತಿದ್ದರು. ಅವಳು ಬರೆದ ಉತ್ತರ ಇದು: ‘ಹೇಳಿದರೆ ಟೀಚರ್ ಅಮ್ಮನನ್ನು ಕರೆಸುತ್ತಾರೆ. ಅಮ್ಮನ ತುಟಿಗೆ ಹೊಲಿಗೆ ಹಾಕಿದೆ. ಬಾಗಿಲು ತಗುಲಿತು ಅಂತ ಅಮ್ಮ ಎಲ್ಲರಿಗೂ ಹೇಳಿದ್ದಾಳೆ. ಮಗಳು ನಿಜ ಹೇಳಿದರೆ ಅಮ್ಮ ಸುಳ್ಳು ಹೇಳಿದ ಹಾಗಾಗುತ್ತದೆ.’

ಸಿಬ್ಬಂದಿ ಕೊಠಡಿಯಲ್ಲಿ ನನ್ನ ಮುಂದೆ ಐವತ್ತಾರು ಉತ್ತರಪತ್ರಿಕೆಗಳ ಕಟ್ಟು, ಪಕ್ಕದಲ್ಲಿ ನಿಮ್ಮ ಹಾಳೆ. ಕಥೆಯ ತಾಯಿಯ ತುಟಿಗೆ ಹೊಲಿಗೆ ಇರಲಿಲ್ಲ. ಬಾಗಿಲಿನ ಮಾತೂ ಇರಲಿಲ್ಲ. ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ ಬರೆದೆ: ‘ಇದು ಕಥೆಯಲ್ಲಿಲ್ಲ. ಗಮನವಿಟ್ಟು ಓದು.’ ಗಮನವಿಟ್ಟು ಓದಬೇಕಾಗಿದ್ದವಳು ಯಾರು, ಹೇಳಿ.

ಪತ್ರಿಕೆ ಹಂಚಿದ ದಿನ ಅವಳು ನನ್ನ ಮೇಜಿನ ಹತ್ತಿರ ಬಂದಳು. ಅಂಕಕ್ಕಾಗಿ ಗೋಗರೆಯಲು ಬಂದಳು ಎಂದುಕೊಂಡೆ.

“ಟೀಚರ್, ಇದನ್ನ ಇನ್ಯಾರಾದ್ರೂ ಓದ್ತಾರಾ?”

“ಯಾರೂ ಓದಲ್ಲ ಕಣೇ. ನಾನು ಓದಿದ್ನಲ್ಲ, ಅಷ್ಟೇ.”

“ಸರಿ ಟೀಚರ್. ಇನ್ಮೇಲೆ ಪುಸ್ತಕದಲ್ಲಿರೋದನ್ನೇ ಬರೀತೀನಿ.”

ಮಾತು ಉಳಿಸಿಕೊಂಡಳು. ವಾರ್ಷಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಮತ್ತೆ ಬಂದಾಗ, ನಾನು ತರಗತಿಯಲ್ಲಿ ಬರೆಸಿದ್ದ ನಿಮ್ಮ ನಾಲ್ಕೂ ಅಂಶಗಳನ್ನು ಒಂದರ ಕೆಳಗೊಂದು ಬರೆದು ನಾಲ್ಕಕ್ಕೆ ನಾಲ್ಕು ತೆಗೆದಳು. ನಾನು ‘ಭೇಷ್’ ಎಂದು ಬರೆದೆ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ರಜೆಯಲ್ಲಿ ಅವಳ ತಾಯಿ ವರ್ಗಾವಣೆ ಪತ್ರಕ್ಕಾಗಿ ಶಾಲೆಗೆ ಬಂದರು. ಬಟ್ಟೆ ಹೊಲಿಯುವವರು, ಬೆರಳ ತುದಿಯೆಲ್ಲ ಸೂಜಿಯ ಗುರುತು. ಬಾಯಿಗೆ ಹಿಡಿದಿದ್ದ ಕರವಸ್ತ್ರವನ್ನು ಸಹಿ ಹಾಕಲು ತೆಗೆದರು. ತುಟಿಯ ಮೇಲೆ ಹಳೆಯ ಹೊಲಿಗೆಯ ಕಲೆ, ಅದರ ಪಕ್ಕದಲ್ಲೇ ಹಸಿ ಗಾಯ.

“ಏನಮ್ಮಾ ಇದು?” ಎಂದೆ.

“ಬಾಗ್ಲು ತಗುಲ್ತು ಮೇಡಂ.”

ಆ ಮಾತನ್ನು ನಾನು ಮೊದಲೇ ಓದಿದ್ದೆ. ಓದಿ ಸೊನ್ನೆ ಕೊಟ್ಟಿದ್ದೆ. ಮುಂದೇನಾದರೂ ಹೇಳುವಷ್ಟರಲ್ಲಿ ಗೇಟಿನ ಬಳಿಯಿಂದ ಗಂಡಸಿನ ದನಿ ಕೂಗಿತು, ಅವರು ಲಗುಬಗೆಯಿಂದ ಹೊರಟುಹೋದರು. ಗೇಟಿನಲ್ಲೇ ನಿಂತಿದ್ದ ಹುಡುಗಿ ಅವರಿಬ್ಬರ ಹಿಂದೆ ನಡೆದಳು, ತಿರುಗಿ ನೋಡಲಿಲ್ಲ.

ಆ ಸೊನ್ನೆಯನ್ನು ತಿದ್ದಲು ನಿಮಗೆ ಅರ್ಜಿ ಹಾಕಿದೆ. ‘ವಿದ್ಯಾರ್ಥಿನಿಯ ಸಹಿ ಇಲ್ಲ’ ಎಂದು ಮೂರೇ ದಿನದಲ್ಲಿ ವಾಪಸಾಯಿತು. ನಿಮ್ಮ ಕಚೇರಿ ಅಷ್ಟು ಚುರುಕಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಘಟಕವನ್ನು ತೆಗೆಯಬೇಡಿ; ಅದು ಬೇಕು. ಮಾದರಿ ಉತ್ತರವನ್ನೂ ಆ ಅಡಿಟಿಪ್ಪಣಿಯನ್ನೂ ಹಿಂದಕ್ಕೆ ಪಡೆಯಿರಿ. ಇಂಥ ಪ್ರಶ್ನೆಗೆ ಅಂಕವೇ ಬೇಡ, ಓದುವವರಿದ್ದರೆ ಸಾಕು. ಇನ್ನೊಂದು: ಅವಳು ಈಗ ಯಾವ ಶಾಲೆಯಲ್ಲಿದ್ದಾಳೆ ಎಂಬುದು ನಿಮ್ಮ ದಾಖಲೆಯಲ್ಲಿ ಇರಲೇಬೇಕು. ನನಗೆ ತಿಳಿಸಿ. ಸಹಿಗಾಗಿ ಅಲ್ಲ. ಅಲ್ಲಿನ ಭಾಷಾ ಶಿಕ್ಷಕರಿಗೆ ಒಂದು ಮಾತು ಹೇಳಬೇಕಾಗಿದೆ: ಆ ಹುಡುಗಿ ನಾಲ್ಕಕ್ಕೆ ನಾಲ್ಕು ತೆಗೆದರೆ ಮೆಚ್ಚಬೇಡಿ, ಹೆದರಿ.

ಇಂತಿ,
ಓದಿಯೂ ಓದದ,
ಒಂಬತ್ತನೇ ತರಗತಿಯ ಭಾಷಾ ಶಿಕ್ಷಕಿ