ನಿನ್ನ ರೂಮಿನ ರೇಡಿಯೇಟರ್

ಪ್ಲಿಮತ್, ಮಿಷಿಗನ್
ಫೆಬ್ರವರಿ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕೆಮ್ಮು ನಿಂತಿತಾ? ಕೇಳಿದಾಗಲೆಲ್ಲ ನಿಂತಿದೆ ಎನ್ನುತ್ತೀಯ, ಆಮೇಲೆ ಫೋನನ್ನು ದೂರ ಹಿಡಿದು ಕೆಮ್ಮುತ್ತೀಯ. ನನಗೆ ಕೇಳಿಸುತ್ತದೆ. ನನ್ನ ಫೋನಿನಲ್ಲಿ ಪ್ಲಿಮತ್‌ನ ಕೆಳಗೇ ನಿನ್ನ ಪ್ಲೇನ್‌ಫೀಲ್ಡ್‌ನ ವೆದರ್ ಕೂಡ ಹಾಕಿಕೊಂಡಿದ್ದೇನೆ. ಇವತ್ತು ನಿನ್ನ ಕಡೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನಮಗೆ ಒಂಬತ್ತು. ಲ್ಯಾಬಿಗೆ ಹೋಗುವಾಗ ಕಿವಿ ಮುಚ್ಚಿಕೊಂಡು ಹೋಗು. ನೀನಿರುವ ವಿನಿತಾ ಆಂಟಿ ಮನೆಯ ಬೇಸ್‌ಮೆಂಟಿನಲ್ಲಿ ನೆಲ ತಣ್ಣಗಿರುತ್ತದೆ ಎಂದಿದ್ದೆಯಲ್ಲ, ಎರಡು ಸಾಕ್ಸ್ ಹಾಕಿಕೊಳ್ಳುತ್ತೀಯ ತಾನೇ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ ಸ್ವಲ್ಪ ಸಣ್ಣಗಾಗಿದ್ದಾರೆ. ಅವರನ್ನು ಕೇಳಿದರೆ ಬೆಲ್ಟ್ ದೊಡ್ಡದಾಗಿದೆ ಎನ್ನುತ್ತಾರೆ.

ಫೋನ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು ಊಟ ಆಯ್ತಾ ಅಂತೀಯ, ನಾನು ಆಯ್ತು ಅಂತೀನಿ, ಅಷ್ಟರಲ್ಲಿ ಮಾತು ಮುಗಿದಿರುತ್ತದೆ. ನಾನು ಹಾಸ್ಟೆಲಿನ ಹುಡುಗಿ, ಹೇಳಬೇಕಾದ್ದನ್ನು ಭಾನುವಾರ ಕೂತು ಬರೆದೇ ಅಭ್ಯಾಸ. ನೆನಪಿದೆಯಾ, ವಾರ್ಡನ್ ಮಿಸ್ ಪ್ರತಿಯೊಬ್ಬರ ಕಾಗದವನ್ನೂ ಓದಿ, ಮೂಲೆಯಲ್ಲಿ ಸಹಿ ಹಾಕಿ ವಾಪಸು ಕೊಡುತ್ತಿದ್ದರು. ಕವರಿಗೆ ಗೋಂದು ಹಚ್ಚುವ ಮುಂಚೆ ನಾನು ಅವಸರದಲ್ಲಿ ಕೆಳಗೆ ಒಂದು ಸಾಲು ಸೇರಿಸುತ್ತಿದ್ದೆ: ಸಾರಿನಲ್ಲಿ ಹುಳ ಇತ್ತು. ಜ್ವರ ಬಂದಿತ್ತು, ಯಾರಿಗೂ ಹೇಳಲಿಲ್ಲ. ಬೇಗ ಕರೆಸಿಕೋ. ಅದಕ್ಕೇ ನೀನು ಕಾಗದ ಬಿಚ್ಚಿದ ಕೂಡಲೇ ಕೊನೆಯ ಸಾಲನ್ನೇ ಮೊದಲು ಓದುತ್ತಿದ್ದೆಯಂತೆ, ಅಪ್ಪ ಹೇಳಿದ್ದಾರೆ. ಈ ಸಲ ಹಾಗೆ ಮಾಡಬೇಡ, ಪ್ಲೀಸ್. ಮೇಲಿನಿಂದಲೇ ಓದು. ಕಾಗುಣಿತ ತಪ್ಪಿದ್ದರೆ ಬೈಯಬೇಡ. ನನ್ನ ತಲೆಯಲ್ಲಿ ಅರ್ಧ ವಾಕ್ಯ ಇಂಗ್ಲಿಷಿನಲ್ಲೇ ಹುಟ್ಟುತ್ತದೆ.

ಸುದ್ದಿ ಏನೆಂದರೆ, ಮನೆ ಬಿಸಿ ಮಾಡುವ ನಮ್ಮ ಬಾಯ್ಲರ್ ಹೋಯಿತು. ಜನವರಿಯ ಅತಿ ಕೆಟ್ಟ ಚಳಿಯ ವಾರದಲ್ಲೇ ಹೋಯಿತು. ಕೆಮಿಸ್ಟ್ರಿ ಕ್ವಿಜ್ ಹಾಳು ಮಾಡಿಕೊಂಡು ಮನೆಗೆ ಬಂದರೆ ಒಳಗೂ ಬಾಯಿಂದ ಹೊಗೆ ಬರುತ್ತಿತ್ತು. ಬೇಸ್‌ಮೆಂಟಿಗೆ ಇಳಿದು ನೋಡಿದೆ. ಬಾಯ್ಲರಿನ ಕೆಳಗೆ ತುಕ್ಕಿನ ಬಣ್ಣದ ನೀರು ನಿಂತಿತ್ತು, ಪ್ರೆಶರ್ ತೋರಿಸುವ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಒಳಗಿನ ಬೀಡುಕಬ್ಬಿಣವೇ ಬಿರುಕು ಬಿಟ್ಟಿತ್ತು, ರಿಪೇರಿಯ ಮಾತೇ ಇಲ್ಲ. ಅಪ್ಪ ಆಫೀಸಿನಿಂದ ಬರುವುದು ತಡವಾಗುತ್ತದೆ ಎಂದು ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಕಲ್ಮೇಶ್ ಅಂಕಲ್ ಬಂದರು. ಅಪ್ಪನ ಆಫೀಸಿನವರು, ಧಾರವಾಡದವರು, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ನಿನ್ನ ಬಿಸಿಬೇಳೆಬಾತನ್ನು ಮೂರು ಸಲ ಹಾಕಿಸಿಕೊಂಡರಲ್ಲ, ಅವರೇ. ಕೈಯಲ್ಲಿ ಎರಡು ಕರೆಂಟ್ ಹೀಟರು. ಎರಡನ್ನೂ ಒಂದೇ ಕಡೆ ಚುಚ್ಚಿದರು, ಟಪ್ ಎಂದು ಅರ್ಧ ಮನೆಯ ದೀಪ ಹೋಯಿತು. ಕತ್ತಲಲ್ಲಿ ನಿಂತುಕೊಂಡೇ "ನೋಡವಾ ಇಳಾ, ಇದಕ್ಕ ನಾ ನಿಮ್ಮಪ್ಪಗ ಹೇಳಿದ್ದೆ, ಈ ಮ್ಯೂಸಿಯಂ ತಗೋಬ್ಯಾಡ್ರಿ ಅಂತ" ಎಂದರು. ಬಹಳ ದಿನದ ಮೇಲೆ ನಗು ಬಂತು. ನಗುತ್ತಲೇ, ಇದನ್ನು ನಿನಗೆ ಹೇಳಬೇಕು ಎಂದು ಅನ್ನಿಸಿ ನಗು ನಿಂತಿತು.

ಈ ಮ್ಯೂಸಿಯಂ ನಿನ್ನದೇ ಆಯ್ಕೆಯಲ್ಲವಾ ಅಮ್ಮಾ? ನಮ್ಮವರೆಲ್ಲ ಹೊಸ ಸಬ್‌ಡಿವಿಷನ್ ಬಡಾವಣೆಗಳಲ್ಲಿ, ಫರ್ನೇಸು ಬಿಸಿ ಗಾಳಿ ಊದುವ ಮನೆಗಳನ್ನು ತೆಗೆದುಕೊಂಡರೆ, ನೀನು ಮಾತ್ರ "ಗಾಳಿ ಊದೋ ಮನೆ ಬೇಡ, ಮೂಗು ಒಣಗುತ್ತೆ" ಎಂದು ಹಟ ಹಿಡಿದು ಈ ಹಳೆಯ ಮನೆ ಕೊಡಿಸಿದೆಯಂತೆ. ಕೆಳಗೆ ಬಾಯ್ಲರಿನಲ್ಲಿ ನೀರು ಕಾಯುತ್ತದೆ, ಪಂಪು ಅದನ್ನು ಪೈಪಿನಲ್ಲಿ ರೂಮು ರೂಮಿಗೂ ಕಳಿಸುತ್ತದೆ, ಕಿಟಕಿಯ ಕೆಳಗಿನ ಕಬ್ಬಿಣದ ರೇಡಿಯೇಟರ್ ಸದ್ದಿಲ್ಲದೆ ಬಿಸಿಯಾಗುತ್ತದೆ. ಆಗಸ್ಟಿನಲ್ಲಿ ನಾನು ಇಲ್ಲಿಗೆ ಬಂದ ದಿನ ನೀನು ಮೊದಲು ತೋರಿಸಿದ್ದೇ ಅದನ್ನು. ಮಹಡಿಯ ಮೇಲಿನ ನಿನ್ನ ಚಿಕ್ಕ ರೂಮಿಗೆ ಕರೆದುಕೊಂಡು ಹೋಗಿ, ಹೊಲಿಗೆ ಮಿಷನ್ನಿನ ಪಕ್ಕದ ರೇಡಿಯೇಟರನ್ನು ತಟ್ಟಿ, "ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬೋದು ಇಲ್ಲೇ ಕಣೇ. ಮಿಷಿಗನ್‌ನಲ್ಲಿ ಇನ್ನೆಲ್ಲಿಟ್ರೂ ಕಲ್ಲು" ಎಂದೆ. ನಾನು ಚಳಿಗಾಲಕ್ಕಾಗಿ ಕಾದೆ. ಅಕ್ಟೋಬರಿನಲ್ಲಿ ನಿನಗೆ ಪ್ಲೇನ್‌ಫೀಲ್ಡ್‌ನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ಎಂದೆ ನೀನು. ಆಮೇಲೆ ನೋಡೋಣ ಎಂದೆ. ನಿಮ್ಮಿಬ್ಬರ ಮಧ್ಯೆ ಏನಾಯಿತು ಎಂದು ನಾನು ಕೇಳುವುದಿಲ್ಲ. ಇಷ್ಟು ವರ್ಷ ಇಂಡಿಯಾದಲ್ಲಿ ಹಾಸ್ಟೆಲಿನಲ್ಲಿದ್ದು ನಿಮ್ಮ ಮನೆಗೆ ಬಂದೆ, ಬಂದ ಎರಡೇ ತಿಂಗಳಿಗೆ ಮನೆ ಅರ್ಧವಾಯಿತು, ಅಷ್ಟೇ ನನಗೆ ಗೊತ್ತಿರುವುದು.

ಬಾಯ್ಲರ್ ಆರಿಸುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಮೊದಲು ಬಂದವನು ಟ್ಯಾಬ್ಲೆಟ್ ಹಿಡಿದು ಸೋಫಾದಿಂದ ಏಳಲೇ ಇಲ್ಲ. ಹಳೆಯದರ ಸೈಜಿನದೇ ಹಾಕಿಬಿಡೋಣ ಎಂದ. ಎರಡನೆಯವನ ಹೆಸರು ಡೇಲ್, ಬಾಯ್ತುಂಬ ಮಾತು, ಬೂಟಿನ ತುಂಬ ಮಂಜು. ಹಳೆಯದು ಹೇಗೂ ಅತಿ ದೊಡ್ಡದಿತ್ತು, ಅಂಥದನ್ನು ಹಾಕಿದರೆ ಸುಮ್ಮನೆ ಹೊತ್ತಿಕೊಳ್ಳುತ್ತ ಆರುತ್ತ ಇರುತ್ತದೆ ಎಂದು ಕಿಟಕಿ, ಗೋಡೆ, ರೇಡಿಯೇಟರ್ ಎಲ್ಲ ಅಳೆದ. ಎರಡು ತರಹ ಇವೆ ಎಂದ. ಒಂದು ಹಳೆಯ ಕಾಲದ ಹಾಗೆ ನೆಲದ ಮೇಲೆ ಕೂತು ಚಿಮಣಿಯಲ್ಲಿ ಹೊಗೆ ಬಿಡುವುದು, ದುಡ್ಡು ಕಡಿಮೆ, ಗ್ಯಾಸ್ ಜಾಸ್ತಿ. ಇನ್ನೊಂದು ಗೋಡೆಗೆ ನೇತು ಹಾಕುವುದು, ಸೂಟ್‌ಕೇಸಿನಷ್ಟಿರುತ್ತದೆ, ಹೊರಗಿನ ಚಳಿ ನೋಡಿಕೊಂಡು ಬೇಕಾದಷ್ಟೇ ಉರಿಯುತ್ತದೆ, ಹೊಗೆ ಗೋಡೆಯಲ್ಲಿ ಪ್ಲಾಸ್ಟಿಕ್ ಪೈಪಿನಿಂದ ಆಚೆ ಹೋಗುತ್ತದೆ. ಪ್ಲಾಸ್ಟಿಕ್ ಪೈಪಿನಲ್ಲಿ ಹೊಗೆ ಎಂದರೆ ನನಗೆ ಭಯವಾಯಿತು. ಗ್ಯಾಸ್ ಒಳಗೇ ತುಂಬಿಕೊಂಡರೆ? ಆ ಪೈಪಿನ ಬಾಯಿಗೆ ಮಂಜು ಮುಚ್ಚಿಕೊಂಡರೆ? ಎಲ್ಲ ಕೇಳಿದೆ. ಡೇಲ್ ನಕ್ಕು, ಪೈಪಿನ ಬಾಯಿಯ ಮುಂದಿನ ಮಂಜು ಸರಿಸುವ ಕೆಲಸ ನಿನ್ನದೇ ಎಂದ. ಅಪ್ಪ ಗೋಡೆಯದನ್ನೇ ಒಪ್ಪಿದರು. ಈಗ ನಾನು ಕಾಲೇಜಿಗೆ ಹೊರಡುವ ಮುಂಚೆ ದಿನಾ ಹೊರಗೆ ಹೋಗಿ ಆ ಪೈಪು ನೋಡಿ ಬರುತ್ತೇನೆ.

ಎಲ್ಲ ಮುಗಿಯಿತು ಎನ್ನುವಾಗ ಅಪ್ಪ ಮಹಡಿಯ ಕಡೆ ಕೈ ತೋರಿಸಿ ಇನ್ನೊಂದು ಮಾತು ಹೇಳಿದರು. ಆ ಚಿಕ್ಕ ರೂಮನ್ನು ಲೈನಿನಿಂದ ತೆಗೆದುಬಿಡಿ, ಅಲ್ಲಿ ಯಾರೂ ಇಲ್ಲ, ಅದು ಬಿಟ್ಟರೆ ಚಿಕ್ಕ ಬಾಯ್ಲರ್ ಸಾಕಲ್ಲ, ಎಂದರು. ಅವತ್ತೂ ಬಂದಿದ್ದ ಕಲ್ಮೇಶ್ ಅಂಕಲ್ ಕೂಡ "ಖರೇ ಅದ, ಖಾಲಿ ಖೋಲಿಗೆ ಯಾಕ್ರೀ ಬಿಸಿ" ಎಂದು ತಲೆ ಆಡಿಸಿದರು. ಡೇಲ್ ಮತ್ತೆ ಲೆಕ್ಕ ಹಾಕಿದ. ಆ ರೂಮು ಇದ್ದರೂ ಇಲ್ಲದಿದ್ದರೂ ಅದೇ ಬಾಯ್ಲರ್, ಇಷ್ಟು ಪುಟ್ಟ ರೂಮಿನಿಂದ ಏನೂ ವ್ಯತ್ಯಾಸವಿಲ್ಲ ಎಂದ. ಅಮ್ಮಾ, ಆಗ ಅಪ್ಪನ ಮುಖ ನೋಡಬೇಕಿತ್ತು. ಹಿಡಿದುಕೊಂಡಿದ್ದ ನೆಪ ಕೈಯಿಂದ ಜಾರಿಹೋಗಿತ್ತು. ಕಲ್ಮೇಶ್ ಅಂಕಲ್ ಹೀಟರಿನ ವೈರು ಸುತ್ತತೊಡಗಿದರು. ಅಪ್ಪ, ಆದರೂ ಪರವಾಗಿಲ್ಲ, ಅದನ್ನು ಮುಚ್ಚಿಬಿಡಿ ಎಂದರು.

ಥ್ಯಾಂಕ್ಸ್‌ಗಿವಿಂಗಿಗೆ ಬಂದವಳು ಒಂದು ದಿನ ಮುಂಚೆಯೇ ಹೊರಟೆಯಲ್ಲ, ಶೂ ಹಾಕಿಕೊಳ್ಳುತ್ತ "ನನ್ನ ರೂಮು ಯಾರಿಗಾದ್ರೂ ಬಾಡಿಗೆಗೆ ಕೊಡಿ" ಎಂದೆ. ಅಪ್ಪ ಹೊರಗೆ ಹೋಗಿ ನಿನ್ನ ಕಾರಿನ ಗಾಜಿನ ಮಂಜು ಕೆರೆದರು. ಗಾಜು ಪೂರ್ತಿ ತಿಳಿಯಾದ ಮೇಲೂ ಕೆರೆಯುತ್ತಲೇ ಇದ್ದರು. ನಿನಗೆ ಅದು ಕಾಣಿಸಿರಲಿಕ್ಕಿಲ್ಲ, ನೀನು ನನ್ನನ್ನು ತಬ್ಬಿಕೊಂಡಿದ್ದೆ.

ಬಾಯ್ಲರ್ ಕೂರಿಸುವ ದಿನ ಅಪ್ಪನಿಗೆ ರಜೆ ಸಿಗಲಿಲ್ಲ, ನಾನೇ ಕ್ಲಾಸು ತಪ್ಪಿಸಿ ಮನೆಯಲ್ಲಿದ್ದೆ. ಹಳೆಯದನ್ನು ತುಂಡು ತುಂಡು ಮಾಡಿ ಹೊತ್ತುಕೊಂಡು ಹೋದರು. ಪೈಪುಗಳನ್ನು ತೊಳೆದಾಗ ಇಂಕಿನಂಥ ಕಪ್ಪು ನೀರು ಬಂತು. ಮಧ್ಯಾಹ್ನದ ಹೊತ್ತಿಗೆ ಡೇಲ್ ಮೇಲಿನಿಂದ ಕೂಗಿದ. ಆ ಚಿಕ್ಕ ರೂಮಿನ ಪೈಪಿಗೆ ಮುಚ್ಚಳ ಹಾಕಲಾ, ನಿಮ್ಮಪ್ಪ ಅವತ್ತು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಇದ್ದಂತೆ ಕಂಡಿತು, ಒಂದು ಸಲ ಕೇಳಿ ಹೇಳು ಎಂದ. ಅಪ್ಪನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಡೇಲ್ ಕೈಯಲ್ಲಿ ಮುಚ್ಚಳ ಹಿಡಿದುಕೊಂಡು ಮಂಡಿಯೂರಿ ಕೂತಿದ್ದ. ನಿನಗೆ ಗೊತ್ತಲ್ಲ, ನಾನು ಹೋಟೆಲಿನಲ್ಲಿ ಏನು ಬೇಕೆಂದು ಹೇಳಲೂ ಪಕ್ಕದವರ ಮುಖ ನೋಡುವವಳು. ಹಾಸ್ಟೆಲಿನಲ್ಲಿ ಫ್ಯಾನ್ ಹಾಕಲಿಕ್ಕೂ ಮಿಸ್ಸನ್ನು ಕೇಳಬೇಕಿತ್ತು. ಆದರೂ "ಕನೆಕ್ಟ್ ಇಟ್" ಎಂದೆ. ಅವನು ಮುಚ್ಚಳವನ್ನು ಜೇಬಿಗೆ ಹಾಕಿಕೊಂಡ. ಬೇಕಾದಷ್ಟೇ ಬಿಸಿ ಇಟ್ಟುಕೊಳ್ಳಿ ಎಂದು ಆ ರೇಡಿಯೇಟರಿಗೆ ನಂಬರು ಬರೆದ ಹೊಸ ನಾಬು ಒಂದನ್ನೂ ಕೂರಿಸಿದ. ಹೊರಡುವಾಗ ಒಂದು ಚಿಕ್ಕ ಹಿತ್ತಾಳೆ ಕೀ ಕೊಟ್ಟ. ಮೊದಲ ಕೆಲವು ದಿನ ರೇಡಿಯೇಟರುಗಳಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಇದರಿಂದ ತಿರುಗಿಸಿ ಆಚೆ ಬಿಡಬೇಕು ಎಂದ.

ಸಂಜೆ ಅಪ್ಪ ಬಂದು ಕೋಟು ಕೂಡ ತೆಗೆಯದೆ ಒಂದೊಂದು ರೂಮಿನಲ್ಲೂ ರೇಡಿಯೇಟರ್ ಮುಟ್ಟುತ್ತ ಹೋದರು, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಅವರು ನನ್ನನ್ನು ದಾಟಿ ನಿನ್ನ ರೂಮಿಗೆ ಹೋದರು. ಆಮೇಲೆ "ಕಟ್ ಮಾಡು ಅಂದಿದ್ದೆ" ಎಂದರು. ಹೂಂ ಎಂದೆ. "ಇದರ ಕೆಳಗೆ ಬಿಸಿ ಇದೆ, ಮೇಲೆ ತಣ್ಣಗಿದೆ." ಗಾಳಿ ಇರಬೇಕು ಎಂದೆ. "ಒಂದು ಲೋಟ ತಾ, ಪುಟ್ಟಿ" ಎಂದರು. ನೀನು ಕಾಫಿ ಕುಡಿಯುವ ಲೋಟವೇ ಕೈಗೆ ಸಿಕ್ಕಿತು. ನಾನು ಲೋಟ ಹಿಡಿದೆ, ಅವರು ಕೀ ತಿರುಗಿಸಿದರು. ಸುಸ್ಸೆಂದು ಗಾಳಿ ಬಂತು, ಬರುತ್ತಲೇ ಇತ್ತು. ಇಷ್ಟು ಗಾಳಿ ಇದರೊಳಗೆ ಎಲ್ಲಿತ್ತೋ. ಕೊನೆಗೆ ತೊಟ್ಟು ತೊಟ್ಟು ನೀರು ಬಿತ್ತು, "ಈಗ ಬಂತು ನೋಡು" ಎಂದು ಅಪ್ಪ ರೇಡಿಯೇಟರಿನ ಮೇಲೆ ಕೈಯಿಟ್ಟರು, ತೆಗೆಯಲಿಲ್ಲ. ನಾನೂ ಇಟ್ಟೆ.

ಇನ್ನೊಂದು ಕೇಳು, ಇದನ್ನು ಹೇಳಿದೆ ಎಂದು ಅಪ್ಪನಿಗೆ ಹೇಳಬೇಡ. ಮೊನ್ನೆ ಶುಕ್ರವಾರ ಅವರು ಆಫೀಸಿನಿಂದ ಬಂದವರೇ, ಬೆಳಿಗ್ಗೆ ನೆನೆಹಾಕಿದ್ದ ಅಕ್ಕಿ ಉದ್ದು ರುಬ್ಬಿದರು. ಯೂಟ್ಯೂಬ್ ನೋಡಿಕೊಂಡು. ನಿನ್ನ ದೊಡ್ಡ ಸ್ಟೀಲ್ ಡಬ್ಬಿಯ ಕುತ್ತಿಗೆಯ ತನಕ ತುಂಬಿ, ಮೇಲೆ ಒಯ್ದು ರೇಡಿಯೇಟರಿನ ಪಕ್ಕ ಇಟ್ಟು, ನಿನ್ನ ಹಳೆಯ ಶಾಲು ಹೊದಿಸಿದರು. ಹೊಸ ಬಾಯ್ಲರಿನ ನೀರು ಹಳೆಯದರಷ್ಟು ಸುಡುವುದಿಲ್ಲ, ಸದಾ ಹದವಾಗಿ ಬೆಚ್ಚಗಿರುತ್ತದೆ. ಹಿಟ್ಟಿಗೆ ಅದೇ ಬೇಕಿತ್ತು ಅಂತ ಕಾಣುತ್ತದೆ. ಬೆಳಿಗ್ಗೆ ನೋಡಿದರೆ ಮುಚ್ಚಳ ಎತ್ತಿಕೊಂಡು, ಶಾಲು ತೋಯಿಸಿ, ಹೊಲಿಗೆ ಮಿಷನ್ನಿನ ಪೆಡಲ್ ತನಕ ಹರಿದಿತ್ತು. ಇಬ್ಬರೂ ನೆಲದ ಮೇಲೆ ಕೂತು ಹಳೆಯ ಟೂತ್‌ಬ್ರಷ್‌ನಿಂದ ರೇಡಿಯೇಟರಿನ ಸಂದುಗಳನ್ನು ಉಜ್ಜಿದೆವು. ಅಪ್ಪ ನಗುತ್ತಿದ್ದರು. "ನಿಮ್ಮಮ್ಮ ಇದ್ದಿದ್ರೆ ಇವತ್ತು ನನ್ನ ಕಥೆ ಮುಗೀತಿತ್ತು" ಎಂದರು. ಆಮೇಲೆ ನಗು ನಿಂತಿತು, ಉಜ್ಜುವುದು ನಿಲ್ಲಲಿಲ್ಲ. ಕಾರಿನ ಗಾಜಿನ ಹಾಗೆಯೇ, ಸ್ವಚ್ಛವಾದ ಮೇಲೂ ಉಜ್ಜುತ್ತಿದ್ದರು. ದೋಸೆ ಚೆನ್ನಾಗಿ ಬಂತು. ಉಪ್ಪು ಜಾಸ್ತಿ.

ಮಧ್ಯಾಹ್ನಗಳಲ್ಲಿ ಮನೆ ಬೆಚ್ಚಗಿರುತ್ತದೆ, ಯಾರೂ ಇರುವುದಿಲ್ಲ. ನಾನು ನಿನ್ನ ರೂಮಿನಲ್ಲೇ ಕೂತು ಓದುತ್ತೇನೆ. ಮುಂದಿನ ಕ್ವಿಜ್ ಮಂಗಳವಾರ. ಪ್ರಾರ್ಥನೆ ಮಾಡು. ವಿನಿತಾ ಆಂಟಿಗೆ ನಮಸ್ಕಾರ ತಿಳಿಸು. ನಿನ್ನ ಕೆಮ್ಮಿಗೆ ಮೆಣಸಿನ ಕಷಾಯ ಮಾಡಿಕೋ, ಸೋಮಾರಿತನ ಮಾಡಬೇಡ. ನಿನ್ನ ಕಾಲಿಗೆ ನಮಸ್ಕಾರ, ಕೆನ್ನೆಗೆ ಮುತ್ತು.

ನಿನ್ನ ಮಗಳು,
ಇಳಾ

ತಾ.ಕ.: ಇಲ್ಲಿ ವಾರ್ಡನ್ ಇಲ್ಲ, ಆದರೂ ಇದನ್ನು ಕೆಳಗೆ ಬರೆದರೇ ನನಗೆ ಧೈರ್ಯ. ನೀನು ವಾಪಸು ಬರುತ್ತೀಯಾ? ಈ ಪ್ರಶ್ನೆ ಅಪ್ಪ ಬರೆಸಿದ್ದಲ್ಲ, ಅವರು ಕೇಳುವುದೂ ಇಲ್ಲ, ನಿನಗೇ ಆ ರೂಮು ಬೇಡ ಎಂದು ಅವರು ನಂಬಿದ್ದಾರೆ. ಬರುತ್ತೇನೆ ಎಂದರೆ ನಾಬು ಈಗ ಇರುವ ಮೂರರಲ್ಲೇ ಇರುತ್ತದೆ. ಬರುವುದಿಲ್ಲ ಎಂದರೆ ನನಗೆ ಹೇಳು, ಅವರಿಗೆ ಬೇಡ, ನಾನೇ ತಿರುಗಿಸಿ ಇಳಿಸುತ್ತೇನೆ. ಎಲ್ಲಕ್ಕಿಂತ ಕೆಳಗೆ ನಂಬರಿಲ್ಲ, ಒಂದು ಮಂಜಿನ ಹರಳಿನ ಚಿತ್ರವಿದೆ. ಪೈಪು ಹೆಪ್ಪುಗಟ್ಟಿ ಒಡೆಯದಿರಲು ಬೇಕಾದಷ್ಟು ಬಿಸಿ ಅಲ್ಲಿ ಉಳಿಯುತ್ತದೆ ಎಂದು ಡೇಲ್ ಹೇಳಿದ್ದಾನೆ. ಅಲ್ಲಿಯ ತನಕ ಇಳಿಸುತ್ತೇನೆ. ಅದಕ್ಕಿಂತ ಕೆಳಗೆ ಅದು ತಿರುಗುವುದಿಲ್ಲ, ಅಮ್ಮಾ.